ಟ್ಯಾಂಕಿನಿಂದ ವೆಬರ್‌ವರೆಗೆ: ನನ್ನ 240ಝಡ್‌ನ ಪೆಟ್ರೋಲ್ ದಾರಿ ಸರಿಮಾಡಿದ್ದು

ಮೂರನೇ ಗೇರಿನಲ್ಲಿ 5,500 ಆರ್‌ಪಿಎಂ ದಾಟಿದ ಕೂಡಲೇ ಎಂಜಿನ್ ಉಸಿರುಕಟ್ಟಿದ ಹಾಗೆ ಒದ್ದಾಡುತ್ತಿತ್ತು. ಮೊದಲು ಇಗ್ನಿಷನ್ ಮೇಲೆ ಅನುಮಾನಪಟ್ಟೆ. ಪ್ಲಗ್ ಬದಲಿಸಿದೆ, ಕಾಯಿಲ್ ಬದಲಿಸಿದೆ, ಟೈಮಿಂಗ್ ಎರಡೆರಡು ಸಲ ನೋಡಿದೆ. ಆಕ್ಸಿಲರೇಟರ್ ಬಿಟ್ಟು ನಾಲ್ಕೈದು ಸೆಕೆಂಡ್ ಕಾದು ಮತ್ತೆ ಒತ್ತಿದರೆ ಸ್ವಲ್ಪ ದೂರ ಚೆನ್ನಾಗಿ ಎಳೆಯುತ್ತಿತ್ತು, ಆಮೇಲೆ ಮತ್ತೆ ಅದೇ ಹಾಡು. ಕಾದರೆ ಸರಿಹೋಗುತ್ತದೆ ಅನ್ನುವುದೇ ಸುಳಿವಾಗಿತ್ತು, ನನಗೆ ಹೊಳೆಯಲು ತಡವಾಯಿತು. ಜೋರಾಗಿ ಓಡಿಸಿದಾಗ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಪುಟ್ಟ ಬಟ್ಟಲು, ಅಂದರೆ ಫ್ಲೋಟ್ ಬೌಲ್, ಬರಿದಾಗುತ್ತಿತ್ತು, ನಾನು ಕಾಯುವಷ್ಟರಲ್ಲಿ ತುಂಬಿಕೊಳ್ಳುತ್ತಿತ್ತು.

ಕಾರು 1971ರ ಡಾಟ್ಸನ್ 240ಝಡ್. ಹುಟ್ಟಿದಾಗ ಅದಕ್ಕಿದ್ದದ್ದು 2,393 ಸಿಸಿಯ ಎಲ್24 ಎಂಜಿನ್, ಗಾಳಿಗೆ ಪೆಟ್ರೋಲ್ ಬೆರೆಸಿಕೊಡಲು ಎಸ್‌ಯು ಮಾದರಿಯ ಎರಡು ಹಿಟಾಚಿ ಕಾರ್ಬುರೇಟರ್. ಈಗ ಅದರೊಳಗೆ 280ಝಡ್‌ನ 2,753 ಸಿಸಿಯ ಎಲ್28 ಇದೆ, ಪಕ್ಕದಲ್ಲಿ ಮೂರು ವೆಬರ್ 40 ಡಿಸಿಒಇ ಕಾರ್ಬುರೇಟರ್. ಎಂಜಿನ್‌ಗೆ ಇಷ್ಟೆಲ್ಲ ಮಾಡಿಯೂ ಪೆಟ್ರೋಲ್ ಬರುವ ದಾರಿಯನ್ನು ಮಾತ್ರ ಹಳೆಯದನ್ನೇ ಉಳಿಸಿಕೊಂಡಿದ್ದೆ. ಕ್ಯಾಮ್‌ಶಾಫ್ಟ್ ತಳ್ಳಿದಂತೆ ಕೆಲಸ ಮಾಡುವ ಅದೇ ಯಾಂತ್ರಿಕ ಪಂಪ್, ಅದೇ ಹಳೆ ಹೋಸ್, ಒಳಗೇನಿದೆಯೆಂದು ಒಮ್ಮೆಯೂ ನೋಡದ ಟ್ಯಾಂಕ್.

ಮೊದಲ ಪ್ರಯತ್ನದಲ್ಲಿ ನಾನು ಮಾಡಿದ್ದು ತಪ್ಪು. ಅಳತೆ ಮಾಡದೆ ದೊಡ್ಡದೊಂದು ಎಲೆಕ್ಟ್ರಿಕ್ ಪಂಪ್ ತಂದು ಹಾಕಿದೆ, ಮುಂದೆ ಒತ್ತಡ ಹತೋಟಿಯಲ್ಲಿಡುವ ರೆಗ್ಯುಲೇಟರ್ ಒಂದನ್ನು ಸಿಕ್ಕಿಸಿದೆ, ಅದೂ ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಕಳಿಸುವ ರಿಟರ್ನ್ ಇಲ್ಲದ್ದು. ವೆಬರ್‌ಗೆ ಬೇಕಾದ ಒತ್ತಡ 3ರಿಂದ 3.5 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಅಷ್ಟೇ. ಅದಕ್ಕಿಂತ ಜಾಸ್ತಿಯಾದರೆ ಫ್ಲೋಟ್ ಬೌಲ್ ತುಂಬಿದಾಗ ದಾರಿ ಮುಚ್ಚುವ ನೀಡಲ್ ವಾಲ್ವ್ ಅನ್ನು ಪೆಟ್ರೋಲ್ ತಾನೇ ತಳ್ಳಿಕೊಂಡು ಒಳಗೆ ನುಗ್ಗುತ್ತದೆ. ಒಂದು ದಿನ ಬಿಸಿ ಎಂಜಿನ್ ಐಡಲ್‌ನಲ್ಲಿದ್ದಾಗ ಗೇಜ್ ಮುಳ್ಳು ಮೆಲ್ಲಗೆ 6ರ ಹತ್ತಿರ ಏರಿತು, ಕಾರ್ಬುರೇಟರ್ ಬಾಯಿಯಿಂದ ಪೆಟ್ರೋಲ್ ತೊಟ್ಟಿಕ್ಕತೊಡಗಿತು. ಎಲ್ ಸರಣಿಯ ಎಂಜಿನ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಸಿಲಿಂಡರ್ ಹೆಡ್‌ನ ಒಂದೇ ಬದಿಗಿವೆ. ಅಂದರೆ ಆ ಹನಿಗಳ ಕೆಳಗೇ ಕಾದ ಎಕ್ಸಾಸ್ಟ್ ಪೈಪುಗಳು, ಅಂದರೆ ಹೆಡರ್. ಕೂಡಲೇ ಆಫ್ ಮಾಡಿ ಬ್ಯಾಟರಿ ವೈರ್ ಕಳಚಿದೆ. ಅಂದಿನಿಂದ ಕೈಗೆಟಕುವಲ್ಲಿ ಅಗ್ನಿಶಾಮಕ ಸಿಲಿಂಡರ್ ಇಲ್ಲದೆ ಪೆಟ್ರೋಲ್ ಕೆಲಸಕ್ಕೆ ನಾನು ಕೈಹಾಕಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ಪೂರ್ತಿ ಥ್ರಾಟಲ್‌ನಲ್ಲಿ ಇಂಥ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು ಅರ್ಧ ಪೌಂಡ್, ಅಂದರೆ 227 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. 200 ಅಶ್ವಶಕ್ತಿಗೆ ಗಂಟೆಗೆ 45 ಕಿಲೋ, ಹತ್ತಿರಹತ್ತಿರ 60 ಲೀಟರ್. ಹಾಗಾಗಿ ನಿಮಿಷಕ್ಕೆ ಒಂದು ಲೀಟರ್ ಬಂದೇ ಬರಬೇಕು, ಮೇಲೆ ಸ್ವಲ್ಪ ಉಳಿಯಲೂಬೇಕು. ಕಾರ್ಬುರೇಟರ್ ಕಡೆಯ ಪೈಪ್ ಬಿಚ್ಚಿ ಕ್ಯಾನ್‌ಗೆ ಇಳಿಬಿಟ್ಟು ಪಂಪ್ ಓಡಿಸಿದೆ. ಆ ದೊಡ್ಡ ಪಂಪ್ ಒಂದು ನಿಮಿಷದಲ್ಲಿ ಕೊಟ್ಟದ್ದು 700 ಮಿಲಿಲೀಟರ್! ಐಡಲ್‌ನಲ್ಲಿ ಗೇಜ್ ಒತ್ತಡ ತೋರಿಸುತ್ತಿದ್ದದ್ದು ಸುಳ್ಳಲ್ಲ, ಆದರೆ ಒತ್ತಡ ಬೇರೆ, ಹರಿವು ಬೇರೆ. ನಲ್ಲಿ ಮುಚ್ಚಿದ್ದಾಗ ಸಣ್ಣ ಪೈಪಿನಲ್ಲೂ ಒತ್ತಡ ಇರುತ್ತದೆ, ತೆರೆದಾಗ ಗೊತ್ತಾಗುತ್ತದೆ ನಿಜ.

ಎಲ್ಲೋ ಕಟ್ಟಿಕೊಂಡಿದೆ ಎಂದು ಖಚಿತವಾಯಿತು. ಟ್ಯಾಂಕ್ ಇಳಿಸಿದೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಿಕಪ್ ಪೈಪಿನ ಬಾಯಿಗೆ ತುಕ್ಕಿನ ಚೂರು, ವಾರ್ನಿಶ್‌ನಂತೆ ಅಂಟಾದ ಹಳೆ ಪೆಟ್ರೋಲ್ ಗಟ್ಟಿಯಾಗಿ ಮೆತ್ತಿಕೊಂಡಿದ್ದವು. ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ: ತುಂಬಿದ ಟ್ಯಾಂಕ್‌ಗಿಂತ ಖಾಲಿ ಟ್ಯಾಂಕ್ ಅಪಾಯ. ಒಳಗೆ ಉಳಿದ ಆವಿ ಗಾಳಿಯ ಜೊತೆ ಬೆರೆತಿರುತ್ತದೆ, ಒಂದು ಕಿಡಿ ಸಾಕು. ವೆಲ್ಡಿಂಗ್, ಗ್ರೈಂಡಿಂಗ್ ಬಗ್ಗೆ ಯೋಚನೆಯನ್ನೂ ಮಾಡಬೇಡಿ, ಬೇಕೇಬೇಕಾದರೆ ಅದೇ ಕಸುಬಿನವರಿಗೆ ಕೊಡಿ. ನಾನು ಸೋಪು ನೀರಲ್ಲಿ ಹಲವು ಸಲ ತೊಳೆದು, ತುಕ್ಕು ಕರಗಿಸುವ ದ್ರಾವಣ ತುಂಬಿ ಎರಡು ದಿನ ಇಟ್ಟು, ಚೆನ್ನಾಗಿ ಒಣಗಿಸಿದೆ. ಒಳಗೆ ಸೀಲರ್ ಬಳಿಯಲಿಲ್ಲ. ತುಕ್ಕು ಸ್ವಲ್ಪ ಉಳಿದಿದ್ದರೂ ಆ ಸೀಲರ್ ಪದರಪದರವಾಗಿ ಏಳುತ್ತದೆ, ಆ ಪದರ ಹೋಗಿ ಕೂರುವುದು ಮತ್ತದೇ ಪಿಕಪ್ ಬಾಯಿಯಲ್ಲಿ.

ಪಂಪ್ ಎಲ್ಲಿರಬೇಕು ಎಂಬುದು ಯಾವ ಪಂಪ್ ಎಂಬುದಕ್ಕಿಂತ ಮುಖ್ಯ ಅಂತ ಈಗ ನನಗನ್ನಿಸುತ್ತದೆ. ಎಂಜಿನ್ ಹತ್ತಿರದ ಪಂಪ್ ಅಷ್ಟು ದೂರದ ಟ್ಯಾಂಕಿನಿಂದ ಪೆಟ್ರೋಲ್ ಎಳೆಯಬೇಕು. ಎಳೆದಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಬಿಸಿ ಪೆಟ್ರೋಲ್ ಪೈಪಿನಲ್ಲೇ ಕುದಿದು ಆವಿಯಾಗುತ್ತದೆ. ಇಂದಿನ ಎಥನಾಲ್ ಬೆರೆತ ಪೆಟ್ರೋಲ್ ಇನ್ನೂ ಬೇಗ ಆವಿಯಾಗುತ್ತದೆ. ಹಿಂದಿನಿಂದ ತಳ್ಳಿದರೆ ಉದ್ದಕ್ಕೂ ಒತ್ತಡವಿರುತ್ತದೆ. ಹಾಗಾಗಿ ದೊಡ್ಡ ಪಂಪ್ ತೆಗೆದು, ಕಾರ್ಬುರೇಟರ್‌ಗೆಂದೇ ಮಾಡಿದ ಕಡಿಮೆ ಒತ್ತಡದ ಪಂಪ್ ಅನ್ನು ಟ್ಯಾಂಕಿನ ಪಕ್ಕದಲ್ಲಿ, ಅದರ ತಳಕ್ಕಿಂತ ಕೆಳಮಟ್ಟದಲ್ಲಿ ರಬ್ಬರ್ ಮೇಲೆ ಕೂರಿಸಿದೆ. ಪಂಪ್‌ಗೆ ಮುಂಚೆ ದೊಡ್ಡ ಕಸ ಹಿಡಿಯುವ ಫಿಲ್ಟರ್, ಆಮೇಲೆ ಸಣ್ಣ ಕಸ ಹಿಡಿಯುವ ಫಿಲ್ಟರ್. ಯಾಂತ್ರಿಕ ಪಂಪ್ ತೆಗೆದ ಜಾಗಕ್ಕೆ ಗ್ಯಾಸ್ಕೆಟ್ ಇಟ್ಟು ಪ್ಲೇಟ್ ಮುಚ್ಚಿದೆ.

ಎಂಜಿನ್ ಕಡೆ ರಿಟರ್ನ್ ಇರುವ ರೆಗ್ಯುಲೇಟರ್ ಹಾಕಿದೆ. ಬೇಡದ ಪೆಟ್ರೋಲ್ ನಿಲ್ಲದೆ ಟ್ಯಾಂಕಿಗೆ ವಾಪಸ್ ಹೋಗುತ್ತಿರುವುದರಿಂದ ಪೈಪಿನಲ್ಲಿರುವುದು ಯಾವಾಗಲೂ ತಂಪು ಪೆಟ್ರೋಲ್, ಒತ್ತಡವೂ ಏರಿಕೊಂಡು ಹೋಗುವುದಿಲ್ಲ. 240ಝಡ್‌ನಲ್ಲಿ ರಿಟರ್ನ್ ಪೈಪ್ ಮೊದಲಿನಿಂದಲೂ ಇದೆ, ಆದರೆ ಕಾರ್ಬುರೇಟರ್‌ಗಳಿಗೆ ಪೆಟ್ರೋಲ್ ಹಂಚುವ ಹಳೆಯ ಪೈಪಿನ, ಅಂದರೆ ರೈಲ್‌ನ ಕೊನೆಯಲ್ಲಿ ಹರಿವು ತಡೆಯುವ ಕಿರಿದಾದ ರಂಧ್ರವಿದೆ. ಹಳೆ ರೈಲ್ ತೆಗೆದಾಗ ಅದೂ ಹೋಯಿತು. ಹೆಡರ್‌ಗೂ ಕಾರ್ಬುರೇಟರ್‌ಗಳಿಗೂ ನಡುವೆ ಅಲ್ಯೂಮಿನಿಯಂ ಹೀಟ್ ಶೀಲ್ಡ್ ಕಟ್ಟಿದೆ. ಬಿಸಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಮೊದಲಿನಂತೆ ಸತಾಯಿಸುವುದಿಲ್ಲ.

ಹೋಸ್ ವಿಷಯದಲ್ಲಿ ಉಳಿತಾಯ ಬೇಡ. ಹಳೆಯ ರಬ್ಬರ್ ಎಥನಾಲ್‌ಗೆ ಮೆತ್ತಗಾಗಿ ಒಳಗಿನಿಂದ ಉದುರುತ್ತದೆ. ನಾನು ಎಸ್‌ಎಇ ಜೆ30ಆರ್9 (ಇಂಧನ ಹೋಸ್‌ನ ಒಂದು ದರ್ಜೆ) ಎಂದು ಅಚ್ಚಾದದ್ದನ್ನೇ ಹಾಕಿದೆ, ಕ್ಲಾಂಪ್ ರಬ್ಬರ್ ಕೊರೆಯದ ಜಾತಿಯದು. ಟ್ಯಾಂಕಿನೊಳಗೆ ಮುಳುಗಿರುವ ಹೋಸ್ ಆದರೆ ಜೆ30ಆರ್10 ಬೇಕು, ಆರ್9ನ ಹೊರಪದರ ಪೆಟ್ರೋಲ್‌ನಲ್ಲಿ ಮುಳುಗಿರಲು ಮಾಡಿದ್ದಲ್ಲ.

ವೈರಿಂಗ್‌ನಲ್ಲೂ ಒಂದು ಕಳ್ಳ ಸಿಕ್ಕಿತು. ಬ್ಯಾಟರಿಯಲ್ಲಿ 13.6 ವೋಲ್ಟ್, ಪಂಪ್ ಬಳಿ 10.8. ಹಳೆ ತೆಳು ವೈರ್ ನುಂಗಿಹಾಕುತ್ತಿತ್ತು. ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಹಾಕಿದ ದಪ್ಪ ವೈರ್ ಎಳೆದು ರಿಲೇ ಕೊಟ್ಟೆ. ಆ ರಿಲೇ ಆಯಿಲ್ ಪ್ರೆಷರ್ ಸ್ವಿಚ್ ಮೂಲಕ ಆನ್ ಆಗುತ್ತದೆ, ಜೊತೆಗೆ ಡಿಕ್ಕಿಯಾದರೆ ತಾನೇ ಕಡಿಯುವ ಇನರ್ಷಿಯಾ ಸ್ವಿಚ್. ಎಂಜಿನ್ ನಿಂತ ಮೇಲೂ ಪಂಪ್ ಓಡುತ್ತಿರುವ ಕಾರಿನಲ್ಲಿ ನಾನು ಯಾರನ್ನೂ ಕೂರಿಸಲಾರೆ.

ಮತ್ತೆ ಕ್ಯಾನ್ ಇಟ್ಟು ಅಳೆದೆ: ನಿಮಿಷಕ್ಕೆ 1.6 ಲೀಟರ್. ಆಮೇಲೆ ಮಾತ್ರ ಜೆಟ್‌ಗೆ, ಅಂದರೆ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರದ ತುಂಡಿಗೆ, ಕೈಹಾಕಿದೆ. ಗಾಳಿ ಹಾದುಹೋಗುವ ಕಿರಿದಾದ ಭಾಗ, ಅಂದರೆ ಚೋಕ್, 32 ಮಿಲಿಮೀಟರ್, ಅದನ್ನು ನಾಲ್ಕರಿಂದ ಗುಣಿಸಿದರೆ ಮೇನ್ ಜೆಟ್ ಎಲ್ಲಿಂದ ಶುರುಮಾಡಬೇಕೆಂದು ತಿಳಿಯುತ್ತದೆ, ಸುಮಾರು 130. ಎಕ್ಸಾಸ್ಟ್‌ನಲ್ಲಿ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ನೋಡಿಕೊಂಡು 135ಕ್ಕೆ ಬಂದು ನಿಂತೆ, ಪೂರ್ತಿ ಥ್ರಾಟಲ್‌ನಲ್ಲಿ ಗಾಳಿ-ಪೆಟ್ರೋಲ್ ಅನುಪಾತ 12.7. ಮೂರನೇ ಗೇರಿನಲ್ಲಿ 6,500ರವರೆಗೆ ಎಳೆದರೂ ಒತ್ತಡದ ಮುಳ್ಳು 3.2ರಿಂದ ಕದಲಲಿಲ್ಲ. ಆ ಸದ್ದು ಕೇಳುತ್ತಾ ನನ್ನ ಕಣ್ಣು ತುಂಬಿ ಬಂತು.

500 ಕಿಲೋಮೀಟರ್ ಆದ ಮೇಲೆ ಕ್ಲಾಂಪ್‌ಗಳನ್ನು ಮತ್ತೆ ಬಿಗಿದು, ಮೊದಲ ಫಿಲ್ಟರ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಕೊಡವಿದೆ. ತುಕ್ಕು ಇರಲಿಲ್ಲ, ಆದರೆ ಕಪ್ಪು ರಬ್ಬರ್ ಪುಡಿ ಇತ್ತು. ಹುಡುಕಿದರೆ, ಹಿಂಬದಿಯ ಪ್ಯಾನಲ್ ಒಳಗೆ ಹೋಗುವ ಟ್ಯಾಂಕಿನ ಆವಿ ಹೋಸ್‌ಗಳನ್ನು ನಾನು ಬದಲಿಸಿರಲೇ ಇಲ್ಲ. ಅವನ್ನೂ ಹೊಸದು ಮಾಡಿದೆ. ಕಾರಿನೊಳಗೆ ಎಷ್ಟೋ ಕಾಲದಿಂದ ಇದ್ದ ಪೆಟ್ರೋಲ್ ವಾಸನೆಯೂ ಅವತ್ತೇ ಹೋಯಿತು.