ಎರಡು ಹೆಸರಿನ ಬದನೆ ಸಸಿ

ಮೂರು ವರ್ಷದ ಹಿಂದೆ ಪಕ್ಕದ ಮನೆ ಅಕ್ಕನಿಗೆ ಮಟ್ಟು ಗುಳ್ಳ (ಉಡುಪಿ ಕಡೆಯ ಗುಂಡಗಿನ ಹಸಿರು ಬದನೆ) ಅಂತ ಎರಡು ಸಸಿ ಕೊಟ್ಟಿದ್ದೆ. ಅವರು ಉಡುಪಿ ಕಡೆಯವರು. ಮೈಸೂರಿಗೆ ಬಂದು ಮೂವತ್ತು ವರ್ಷವಾದರೂ ಗುಳ್ಳದ ವಿಷಯದಲ್ಲಿ ಯಾರ ಜೊತೆಗೂ ರಾಜಿ ಇಲ್ಲ. 2011ರಲ್ಲಿ ಅದಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಬಂದದ್ದನ್ನು ಈಗಲೂ ಸ್ವಂತ ಮಗನಿಗೆ ರ‍್ಯಾಂಕ್ ಬಂದ ಹಾಗೆ ಹೇಳುತ್ತಾರೆ. ಎರಡು ತಿಂಗಳು ಹಟ್ಟಿಗೊಬ್ಬರ ಹಾಕಿ, ಬೇವಿನೆಣ್ಣೆ ಹೊಡೆದು ಸಾಕಿದರು. ಬಿಟ್ಟಿದ್ದು ಗೇಣುದ್ದದ ನೇರಳೆ ಬದನೆ.

ತಪ್ಪು ನನ್ನದೇ. ಆ ಸಸಿಗಳ ಪಕ್ಕ ಚುಚ್ಚಿದ್ದ ಹೆಸರಿನ ಲೇಬಲ್ಲಿನ ಮುಂದುಗಡೆ ‘ಉದ್ದ ನೇರಳೆ’ ಅಂತ ಹೊಸದಾಗಿ ಬರೆದಿದ್ದೆ. ಹಿಂದುಗಡೆ ಹಿಂದಿನ ವರ್ಷದ ‘ಗುಳ್ಳ’ ಹಾಗೇ ಕೂತಿತ್ತು, ಅಳಿಸಿರಲಿಲ್ಲ. ಸಸಿ ಕೀಳುವ ದಿನ ನನ್ನ ಕಣ್ಣಿಗೆ ಬಿದ್ದದ್ದು ಹಿಂದುಗಡೆ. ಬದನೆ ಸಸಿಗಳು ನಾಲ್ಕೈದು ಎಲೆಯಲ್ಲಿರುವಾಗ ಒಂದಕ್ಕೊಂದು ಅವಳಿ-ಜವಳಿ. ನಾನು ಗುಳ್ಳ, ಈರನಗೆರೆ, ಉದ್ದ ನೇರಳೆ, ಇನ್ನೂ ಎರಡು ಜಾತಿ ಒಂದೇ ಪ್ರೋಟ್ರೇಯಲ್ಲಿ (ಸಸಿ ಎಬ್ಬಿಸುವ ಗುಳಿಗಳ ತಟ್ಟೆ) ಬಿತ್ತುತ್ತೇನೆ. ಲೇಬಲ್ ಹೋದರೆ ಕಾಯಿ ಬಿಡುವವರೆಗೂ ಹೆಸರಿಲ್ಲ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ನಾನು ಬೀಜ ಕೂಡ ಕಟ್ಟಿಡುವವಳು. ಹೆಸರು ತಪ್ಪಿದ ಬೀಜದ ಪೊಟ್ಟಣ ನಾಲ್ಕು ಜನರ ಮನೆ ಸೇರಿದರೆ ಆಮೇಲೆ ಎಲ್ಲಿ ಅಂತ ಹುಡುಕುವುದು?

ಅಂದಿನಿಂದ ಲೇಬಲ್ ತೊಳೆಯುವುದು ನಮ್ಮ ತಾರಸಿಯಲ್ಲಿ ವರ್ಷಕ್ಕೊಂದು ದಿನದ ಕೆಲಸವಾಯಿತು. ಯುಗಾದಿ ಕಳೆದು, ಮುಂಗಾರಿನ ಬಿತ್ತನೆಗೆ ಇನ್ನೂ ಸಮಯವಿರುವಾಗ ಮಾಡುತ್ತೇನೆ.

ಮೊದಲು ನನ್ನ ಹತ್ತಿರ ಇರುವ ಲೇಬಲ್ ಯಾವುವು ಅಂತ ಹೇಳಬೇಕು. ಐಸ್‌ಕ್ರೀಮಿನ ಮರದ ಕಡ್ಡಿ ಒಂದು ಮಳೆಗಾಲ ತಡೆಯುವುದಿಲ್ಲ, ಬುಡ ಕೊಳೆಯುತ್ತದೆ, ಇಲ್ಲವೇ ಗೆದ್ದಲಿಗೆ ಊಟ. ಮದುವೆ ಮನೆಯಿಂದ ತಂದು ತೊಳೆದಿಟ್ಟುಕೊಂಡಿದ್ದ ಪ್ಲಾಸ್ಟಿಕ್ ಚಮಚಗಳ ಹಿಡಿಕೆ ಕೆಲವು ಕಾಲ ನಡೆಯಿತು. 2022ರ ಜುಲೈ 1ರಿಂದ ಅವಕ್ಕೆ ನಿಷೇಧ ಬಂತು, ಹೊಸದು ಸೇರಲಿಲ್ಲ. ಇದ್ದವು ಬಿಸಿಲಿಗೆ ಒಣಗಿ, ಮುಟ್ಟಿದರೆ ಚಟ್ ಅಂತ ಮುರಿದವು. ಕೊನೆಗೆ ಉಳಿದದ್ದು ಮೊಸರಿನ ಡಬ್ಬಿ. ತಳದಲ್ಲಿ ತ್ರಿಕೋನದೊಳಗೆ 5 ಅಂತ ಇದ್ದರೆ ಅದು ಪಾಲಿಪ್ರೊಪಿಲೀನ್, ಬಾಗುತ್ತದೆ ಹೊರತು ಬೇಗ ಮುರಿಯುವುದಿಲ್ಲ. 6 ಇದ್ದರೆ ಪಾಲಿಸ್ಟೈರೀನ್, ಅದನ್ನು ನಾನು ಕತ್ತರಿಸುವ ಗೋಜಿಗೇ ಹೋಗುವುದಿಲ್ಲ. ಒಂದು ಕೆ.ಜಿ. ಮೊಸರಿನ ಡಬ್ಬಿಯ ಗೋಡೆಯಿಂದ ಬೆರಳಗಲದ, ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದದ ಹದಿನೈದು ಪಟ್ಟಿ ಸಿಗುತ್ತವೆ.

ಇನ್ನು ತೊಳೆಯುವುದು. ಶುರುವಿನಲ್ಲಿ ಬುದ್ಧಿ ಇಲ್ಲದೆ ಎಲ್ಲವನ್ನೂ ಒಟ್ಟಿಗೆ ಬಕೆಟ್ಟಿಗೆ ಹಾಕಿಬಿಡುತ್ತಿದ್ದೆ. ಈಗ ನೀರು ಮುಟ್ಟಿಸುವ ಮೊದಲು ಒಂದೊಂದನ್ನೂ ಓದಿ ಪುಸ್ತಕಕ್ಕೆ ಇಳಿಸುತ್ತೇನೆ. ಯಾವ ತಳಿ, ಯಾವತ್ತು ಬಿತ್ತಿದ್ದು, ಯಾವ ಕುಂಡ, ಹೇಗೆ ಬಂತು. ಇದಕ್ಕೇ ಅರ್ಧ ದಿನ ಹೋಗುತ್ತದೆ. ಅಕ್ಷರ ಮಾಸಿದ್ದರೆ ಲೇಬಲ್ಲನ್ನು ಸಂಜೆ ಬಿಸಿಲಿಗೆ ಅಡ್ಡ ಹಿಡಿದು ಓರೆ ಮಾಡಿ ನೋಡಿ. ಪೆನ್ಸಿಲ್ ಒತ್ತಿದ ಗೀರು ನೆರಳು ಬಿಟ್ಟು ಎದ್ದು ಕಾಣುತ್ತದೆ. ಮಾರ್ಕರ್ ಆದರೆ ಇನ್ನೊಂದು ಚೋದ್ಯ: ಸುತ್ತಲಿನ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗಿರುತ್ತದೆ, ಶಾಯಿ ಮುಚ್ಚಿದ್ದ ಜಾಗ ಮಾತ್ರ ಬೆಳ್ಳಗೆ. ಶಾಯಿ ಪೂರ್ತಿ ಹೋದ ಮೇಲೂ ‘ಬ್ಯಾಡಗಿ’ ಅನ್ನುವುದು ಬೆಳ್ಳಗೆ ಉಳಿದ ಒಂದು ಪಟ್ಟಿ ನನ್ನ ಹತ್ತಿರ ಇದೆ. ಎಷ್ಟು ಉಜ್ಜಿದರೂ ಹೋಗದು, ಹೋಗಲು ಅಲ್ಲಿ ಏನೂ ಇಲ್ಲವಲ್ಲ. ಅಂಥದ್ದನ್ನು ಮೆಣಸಿನಕಾಯಿಗೇ ಇಟ್ಟುಬಿಡುವುದು ಸುಲಭ.

ಮಣ್ಣು ಹೋಗಲಿಕ್ಕೆ ರಾತ್ರಿ ನೆನೆಹಾಕಿ ಬೆಳಿಗ್ಗೆ ತೆಂಗಿನ ನಾರಿನಲ್ಲಿ ಉಜ್ಜಿದರೆ ಸಾಕು. ಪೆನ್ಸಿಲ್ ಬರಹಕ್ಕೆ ಸೋಸಿದ ಬೂದಿ ಅಥವಾ ಸಬೀನಾ ಪುಡಿ. ಮಾರ್ಕರ್ ಬರಹಕ್ಕೆ ಇವು ಬಗ್ಗುವುದಿಲ್ಲ, ಸ್ಪಿರಿಟ್ ಬೇಕು. ಕೊರೊನಾ ಕಾಲದಲ್ಲಿ ಹೆದರಿ ತಂದಿಟ್ಟ ಐದು ಲೀಟರ್ ಸ್ಯಾನಿಟೈಸರ್ ನನಗೆ ಈ ಕೆಲಸಕ್ಕೆ ಇನ್ನೂ ಬರುತ್ತಿದೆ. ಹಳೇ ಬನಿಯನ್ ಬಟ್ಟೆಗೆ ಅದ್ದಿ ಎರಡು ಸಲ ಎಳೆದರೆ ಶಾಯಿ ಕರಗಿ ಬರುತ್ತದೆ. ಉರಿಯುವ ವಸ್ತು, ಒಲೆಯ ಹತ್ತಿರ ಕೂತು ಮಾಡಬೇಡಿ. ಮಗಳ ಉಗುರು ಬಣ್ಣ ತೆಗೆಯುವ ರಿಮೂವರನ್ನೂ ಒಮ್ಮೆ ನೋಡಿದೆ. ಮೊಸರಿನ ಡಬ್ಬಿಯ ಪಟ್ಟಿಗೆ ಏನೂ ಆಗಲಿಲ್ಲ. ಚಮಚದ ಹಿಡಿಕೆ ಮಾತ್ರ ಬೆಲ್ಲದ ಪಾಕದ ಹಾಗೆ ಅಂಟಂಟಾಗಿ, ನನ್ನ ಹೆಬ್ಬೆಟ್ಟಿನ ಗುರುತು ಅದರ ಮೇಲೆ ನೋಂದಣಿ ಕಚೇರಿಯಲ್ಲಿ ಒತ್ತಿದ ಹಾಗೆ ಮೂಡಿತು. ರಿಮೂವರಿನಲ್ಲಿರುವ ಅಸಿಟೋನ್ ಚಮಚದ ಪಾಲಿಸ್ಟೈರೀನನ್ನು ಕರಗಿಸುತ್ತದೆ.

ಬಿಡಬಾರದ ಒಂದು ಹೆಜ್ಜೆ ಸೊರಗು ರೋಗ ಬಂದ ಕುಂಡದ ಲೇಬಲ್ಲಿನದು. ಎಲೆ ಹಸಿರಾಗಿರುವಾಗಲೇ ಬದನೆ ಅಥವಾ ಟೊಮೆಟೊ ಗಿಡ ಬಾಡಿ ನಿಂತರೆ, ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿಗೆ ತುದಿ ತಾಗಿಸಿ ಅಲುಗಾಡದ ಹಾಗೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗು. ಮಣ್ಣಿನಲ್ಲಿ ಉಳಿಯುವ ಜಾತಿಯದು, ಲೇಬಲ್ಲಿಗೆ ಅಂಟಿದ ಮಣ್ಣಿನ ಜೊತೆ ಇನ್ನೊಂದು ಕುಂಡಕ್ಕೆ ಹೋಗಬಲ್ಲದು. ಅಂಥವನ್ನು ಬೇರೆ ತೊಳೆದು, ಒಂದು ಭಾಗ ದ್ರವ ಬ್ಲೀಚಿಗೆ ಒಂಬತ್ತು ಭಾಗ ನೀರು ಬೆರೆಸಿ ಹತ್ತು ನಿಮಿಷ ಮುಳುಗಿಸಿಡುತ್ತೇನೆ. ಮಣ್ಣು ಇರುವಾಗಲೇ ಹಾಕಿದರೆ ಬ್ಲೀಚಿನ ಶಕ್ತಿ ಆ ಮಣ್ಣಿಗೇ ಮುಗಿದುಹೋಗುತ್ತದೆ, ಆದ್ದರಿಂದ ತೊಳೆದ ಮೇಲೆಯೇ. ನೀರನ್ನು ಅವತ್ತೇ ಬೆರೆಸಬೇಕು, ನಿನ್ನೆಯದು ಕೆಲಸಕ್ಕೆ ಬಾರದು. ಸ್ಪಿರಿಟ್ಟನ್ನೂ ಬ್ಲೀಚನ್ನೂ ಒಂದೇ ಬಕೆಟ್ಟಿನಲ್ಲಿ ಸೇರಿಸಲೇಬಾರದು.

ಆಮೇಲೆ ಬರೆಯುವುದು, ಇದರಲ್ಲಿ ನನ್ನದು ಸ್ವಲ್ಪ ಹಟ. ಪರ್ಮನೆಂಟ್ ಮಾರ್ಕರ್ ನೀರಿಗೆ ಪರ್ಮನೆಂಟ್, ಬಿಸಿಲಿಗಲ್ಲ. ನಮ್ಮ ತಾರಸಿಯಲ್ಲಿ ಕೆಂಪು ಒಂದು ಬೇಸಿಗೆಗೇ ಮಾಯ, ಕಪ್ಪು ವರ್ಷ ದಾಟಿದರೆ ದೊಡ್ಡದು. ಪೆನ್ಸಿಲ್ಲಿನ ಸೀಸ ಅಂತ ನಾವು ಕರೆಯುವುದು ಗ್ರಾಫೈಟ್, ಅಂದರೆ ಇಂಗಾಲ. ಬಿಸಿಲು ಅದನ್ನು ಏನೂ ಮಾಡಲಾರದು. ನುಣುಪು ಪ್ಲಾಸ್ಟಿಕ್ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ ಅನ್ನುವವರು ಸಣ್ಣ ಎಮೆರಿ ಪೇಪರಿನಲ್ಲಿ ನಾಲ್ಕು ಸಲ ಉಜ್ಜಿ ನೋಡಲಿ. ಮೇಲ್ಮೈ ಮಂಕಾದರೆ 2ಬಿ ಪೆನ್ಸಿಲ್ ಹಲಗೆಯ ಮೇಲೆ ಬಳಪದಂತೆ ಹಿಡಿಯುತ್ತದೆ. ಮುಂದಿನ ವರ್ಷ ಒರೆಸುವುದೂ ಸುಲಭ. ಸಬೀನಾ ಕೂಡ ಇದೇ ಮಂಕನ್ನು ಕೊಡುತ್ತದೆ, ಆದ್ದರಿಂದ ಹಳೇ ಪಟ್ಟಿಯ ಮೇಲೆ ಹೊಸದಕ್ಕಿಂತ ಚೆನ್ನಾಗಿ ಬರೆಯಬಹುದು.

ಹೆಸರನ್ನು ಎರಡು ಕಡೆ ಬರೆಯುತ್ತೇನೆ: ಮೇಲೆ ಒಂದು, ಮಣ್ಣಿನೊಳಗೆ ಹೋಗುವ ತುದಿಯಲ್ಲಿ ಒಂದು. ಮಣ್ಣಿನೊಳಗಿನದಕ್ಕೆ ಬಿಸಿಲು ತಾಗುವುದಿಲ್ಲ. ಮೇಲಿನದು ಹೋದರೂ ಕಿತ್ತು ನೋಡಬಹುದು. ಎರಡೂ ಒಂದೇ ಮುಖದಲ್ಲಿ, ಹಿಂದುಗಡೆ ಖಾಲಿ. ಹಿಂದುಗಡೆ ಏನಾದರೂ ಕಂಡರೆ ಆ ಪಟ್ಟಿ ಸರಿಯಾಗಿ ತೊಳೆದಿಲ್ಲ ಅಂತ ಲೆಕ್ಕ, ಮತ್ತೆ ಬಕೆಟ್ಟಿಗೆ.

ಸಸ್ಯೋದ್ಯಾನಗಳಲ್ಲಿ ಗಿಡಕ್ಕೊಂದು ನಂಬರ್ ಕೊಟ್ಟು ವಿವರವನ್ನು ದಾಖಲೆಯಲ್ಲಿ ಇಡುತ್ತಾರಲ್ಲ, ಅದನ್ನೂ ಒಂದು ವರ್ಷ ಮಾಡಿದೆ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿ ಕತ್ತರಿಸಿ, ಪೇಪರಿನ ಕಂತೆ ಮೇಲಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ 1ರಿಂದ 60ರವರೆಗೆ ಒತ್ತಿ ಬರೆದೆ. ಅಳಿಸುವ ಕೆಲಸವೇ ಇಲ್ಲ, ಪುಸ್ತಕದಲ್ಲಿ ಮಾತ್ರ ಹೆಸರು ಬದಲಾದರೆ ಸಾಕು. ತಲೆಗೆ ಚೆನ್ನಾಗಿ ಹಿಡಿಸಿತು, ಮನೆಗೆ ಹಿಡಿಸಲಿಲ್ಲ. ಅತ್ತೆ ಸೊಪ್ಪು ಕೀಳಲು ಮೇಲೆ ಹೋಗಿ, “ಮೂವತ್ತೇಳು ಅಂದ್ರೆ ಏನಮ್ಮಾ?” ಅಂತ ಮೆಟ್ಟಿಲಿನಿಂದ ಕೂಗುತ್ತಿದ್ದರು. ಈಗ ಆ ತಗಡುಗಳು ವರ್ಷಗಟ್ಟಲೆ ಜಾಗ ಬಿಡದ ಗಿಡಗಳಿಗೆ ಹೋಗಿವೆ, ಹೆಸರನ್ನೇ ಒತ್ತಿ ಬರೆದು: ಕರಿಬೇವು, ನಿಂಬೆ, ಮೈಸೂರು ಮಲ್ಲಿಗೆ. ತಗಡಿನ ಅಂಚು ಬೆರಳು ಕುಯ್ಯುತ್ತದೆ, ಸುತ್ತ ಒಂದು ಸಲ ಮಡಚಿ.

ಈ ಸಲ ಎಣಿಸಿದೆ. ಹೋದ ಮುಂಗಾರಿಗೆ ನೆಟ್ಟ 140 ಪಟ್ಟಿಯಲ್ಲಿ 117 ವಾಪಸ್ ಬಂದವು. ಮುರಿದವು ಐದಾರು ಮಾತ್ರ, ಉಳಿದವನ್ನು ಕಿತ್ತು ಎಸೆದದ್ದು ಕೋತಿಗಳು. ಅವಕ್ಕೆ ಬಿಳಿ ಪಟ್ಟಿ ಕಂಡರೆ ಏನೋ ಆಸೆ. ಅರ್ಧಕ್ಕಿಂತ ಹೆಚ್ಚು ಭಾಗ ಮಣ್ಣಿಗೆ ಒತ್ತಿದರೆ ಹೆಚ್ಚಿನವು ಉಳಿಯುತ್ತವೆ.

ಹೋದ ವಾರ ಅಕ್ಕನಿಗೆ ಮತ್ತೆ ಎರಡು ಗುಳ್ಳದ ಸಸಿ ಕೊಟ್ಟೆ. ಲೇಬಲ್ ಕಿತ್ತು, ಮುಂದೆ, ಹಿಂದೆ, ಮಣ್ಣಿನೊಳಗಿನ ತುದಿ, ಎಲ್ಲ ತೋರಿಸಿದೆ. ಕನ್ನಡಕ ಏರಿಸಿ ಮೂರನ್ನೂ ನೋಡಿದರು.

“ಕಾಯಿ ಬಿಡ್ಲಿ ಮಾರಾಯ್ತಿ, ಮತ್ತೆ ನೋಡುವ” ಅಂದರು.