ಬ್ರೆಶ್ಕೋವ್‌ಸ್ಕಾಯಾ ಬದುಕನ್ನು ಓದೋದು ಹೇಗೆ?

ರಷ್ಯಾದ 'ಕ್ರಾಂತಿಯ ಅಜ್ಜಿ' ಯೆಕಟೆರಿನಾ ಬ್ರೆಶ್ಕೋವ್‌ಸ್ಕಾಯಾ ಬಗ್ಗೆ ಓದಲು ಕೂತರೆ ತಲೆ ಗಿರ್ರ್ ಅನ್ನುತ್ತೆ, ಹೆಸರು ಒಂದೊಂದು ಕಡೆ ಒಂದೊಂದು ಥರ. ಮೊದಲು ಒಂದು ಹಾಳೆಯಲ್ಲಿ ನಾಲ್ಕೇ ಇಸವಿ ಬರೆದುಕೊಳ್ಳಿ: 1844 ಹುಟ್ಟು, 1874 ಬಂಧನ, 1917 ಬಿಡುಗಡೆ, 1934 ಸಾವು. ಉಳಿದದ್ದನ್ನು ನಡುವೆ ತುಂಬಿ.

ತಾರೀಕು ನೋಡುವಾಗ ಹುಷಾರು. 1918ರ ಫೆಬ್ರುವರಿಗೆ ಮುಂಚೆ ರಷ್ಯಾದಲ್ಲಿ ಹಳೇ ಕ್ಯಾಲೆಂಡರ್ ಇತ್ತು. 19ನೇ ಶತಮಾನದ ತಾರೀಕಿಗೆ 12 ದಿನ, 20ನೇ ಶತಮಾನದ್ದಕ್ಕೆ 13 ದಿನ ಸೇರಿಸಿದರೆ ಇವತ್ತಿನ ಕ್ಯಾಲೆಂಡರ್‌ನ ತಾರೀಕು ಸಿಗುತ್ತೆ.

1874ರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ. ಜಮೀನ್ದಾರರ ಮನೆಯ ಮಗಳು ರೈತರಲ್ಲಿ ಕ್ರಾಂತಿಯ ಮಾತು ಹರಡಲು ರೈತ ಹೆಂಗಸಿನ ಬಟ್ಟೆ ತೊಟ್ಟು ಹಳ್ಳಿ ಹಳ್ಳಿ ಸುತ್ತಿದಳು. ನಯವಾದ ಕೈ ಗುಟ್ಟು ಬಿಟ್ಟುಕೊಡಬಾರದಲ್ವಾ, ಅದಕ್ಕೇ ಕೈಗೆ, ಮುಖಕ್ಕೆ ಆಸಿಡ್ ಹಚ್ಚಿಕೊಂಡಳು. ಆಗಷ್ಟೇ ಹುಟ್ಟಿದ ಮಗ ನಿಕೊಲಾಯ್‌ನನ್ನು ನೆಂಟರ ಹತ್ತಿರ ಬಿಟ್ಟಿದ್ದಳು. ಇದನ್ನು ಸುಮ್ನೆ 'ತ್ಯಾಗ' ಅಂತ ಹೇಳಿ ಮುಗಿಸಬೇಡಿ. ಆ ಮಗ ಮುಂದೆ ಕಾದಂಬರಿಕಾರನಾದ.

ಆಮೇಲೆ ಎರಡು ಬಗೆಯ ಗಡಿಪಾರುಗಳನ್ನು ಬೇರೆ ಬೇರೆ ಇಡಿ. ಸೈಬೀರಿಯಾಕ್ಕೆ ಕಳಿಸಿದ್ದು ಜಾರ್ ಸರ್ಕಾರ: ಮೊದಲು ಕಾರಾ ಗಣಿಗಳ ಕಠಿಣ ಶಿಕ್ಷೆ, 1910ರಲ್ಲಿ ಮತ್ತೊಮ್ಮೆ ಸೈಬೀರಿಯಾ. ಕೊನೆಗೆ ದೇಶ ಬಿಡಿಸಿದ್ದು ಕ್ರಾಂತಿಯೇ! ಆಕೆ ಸಮಾಜವಾದಿ ಕ್ರಾಂತಿಕಾರಿ ಪಕ್ಷದವಳು, 1917ರ ತಾತ್ಕಾಲಿಕ ಸರ್ಕಾರದ ನಾಯಕ ಕೆರೆನ್ಸ್ಕಿ ಪರ, ಆ ಸರ್ಕಾರವನ್ನು ಕಿತ್ತೆಸೆದ ಲೆನಿನ್‌ನ ಬೋಲ್ಷೆವಿಕರಿಗೆ ಕಡು ವಿರೋಧಿ. ಹೀಗಾಗಿ ಸೋವಿಯತ್ ಕಾಲದ ಬರಹ ಒಂದನ್ನೇ ನಂಬಬೇಡಿ, ಆಕೆ ಹಣ ಕೂಡಿಸಲು 1904–05ರಲ್ಲಿ ಸುತ್ತಿದ ಅಮೆರಿಕದ ಅಭಿಮಾನಿಗಳ ಹೊಗಳಿಕೆಯನ್ನೂ ಅಷ್ಟೇ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ.

ಕೊನೆಯ ವರ್ಷಗಳಿಗೆ ಆಗಿನ ಚೆಕೊಸ್ಲೊವಾಕಿಯಾದ ನಕ್ಷೆ ತೆಗೆಯಿರಿ. ಆಕೆ ತೀರಿಕೊಂಡದ್ದು ಪ್ರಾಗ್ ಹತ್ತಿರ.