ಕಾರು ಡೀಟೇಲಿಂಗ್ (ತೊಳೆದು, ಪಾಲಿಶ್ ಮಾಡಿ ಹೊಳೆಸೋ ಕೆಲಸ) ಗ್ಯಾರೇಜಿಗೆ ಎಷ್ಟು ಕೆಲ್ವಿನ್ ಲೈಟ್ ಹಾಕ್ಬೇಕು?

ಅಂಗಡಿಗೆ ಹೋಗಿ ಎಲ್‌ಇಡಿ ಟ್ಯೂಬ್ ಕೊಡಿ ಅಂದ್ರೆ ಸಾಮಾನ್ಯವಾಗಿ ಕೈಗೆ ಬರೋದು 6500 ಕೆಲ್ವಿನ್‌ದು, ಬಾಕ್ಸ್ ಮೇಲೆ ಕೂಲ್ ಡೇಲೈಟ್ ಅಂತ ಬರ್ದಿರುತ್ತೆ. ಕೆಲ್ವಿನ್ ಅಂದ್ರೆ ಬೆಳಕಿನ ಬಣ್ಣದ ಅಳತೆ. ನಾನೂ ಶುರುವಲ್ಲಿ ಅದನ್ನೇ ಎಂಟು ಹಾಕಿಸಿದ್ದೆ, ಗ್ಯಾರೇಜ್ ಝಗಮಗ ಅಂತಿತ್ತು. ಒಂದು ಬಿಳಿ ಕಾರು ಪಾಲಿಶ್ ಮಾಡಿ ಚೆನ್ನಾಗಾಯ್ತು ಅಂತ ಡೆಲಿವರಿ ಕೊಟ್ಟೆ, ಮಾರನೇ ದಿನ ಓನರ್ ಬಿಸಿಲಲ್ಲಿ ನಿಲ್ಸಿ ತೋರಿಸ್ತಾರೆ, ಬಾನೆಟ್ ತುಂಬ ಪಾಲಿಶಿಂಗ್ ಮೆಷಿನ್ ಓಡಿದ ಗೆರೆ! ತುಂಬಾ ಬೇಜಾರಾಯ್ತು, ಪೂರ್ತಿ ಮತ್ತೆ ಮಾಡಿಕೊಟ್ಟೆ.

ಕೆಲ್ವಿನ್ ಕಮ್ಮಿ ಇದ್ರೆ ಬೆಳಕು ಹಳದಿ, ಜಾಸ್ತಿ ಆದ್ರೆ ನೀಲಿ ಕಡೆ ಹೋಗುತ್ತೆ, ಅಷ್ಟೇ. ಮನೆ ಹಳದಿ ಬಲ್ಬು 2700ರಿಂದ 3000. ಸೀಲಿಂಗಿಗೆ ನನ್ನ ಪ್ರಕಾರ 5000 ಸರಿ, ಸಿಗದಿದ್ರೆ 4000ದ ನ್ಯೂಟ್ರಲ್ ವೈಟ್ ತಗೊಳ್ಳಿ, ಇಡೀ ದಿನ ನಿಂತ್ರೂ ಕಣ್ಣು ಉರಿಯಲ್ಲ. ಆದ್ರೆ ಸೀಲಿಂಗಿನ ಎಲ್ಲಾ ಲೈಟೂ ಒಂದೇ ಕೆಲ್ವಿನ್ ಇರ್ಲಿ, ಮಿಕ್ಸ್ ಮಾಡಿದ್ರೆ ಒಂದು ಡೋರ್ ಒಂದು ಬಣ್ಣ, ಪಕ್ಕದ್ದು ಇನ್ನೊಂದು ಬಣ್ಣ ಕಾಣುತ್ತೆ.

ಕೆಲ್ವಿನ್ ನೋಡಿದ ಹಾಗೇ ಸಿಆರ್‌ಐ ನಂಬರೂ ನೋಡ್ಲೇಬೇಕು, ಬೆಳಕು ಬಣ್ಣವನ್ನ ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋ ಅಳತೆ ಅದು, 100 ಅಂದ್ರೆ ಪೂರ್ತಿ. ಮಾಮೂಲಿ ಟ್ಯೂಬ್ 80ರ ಆಸುಪಾಸು ಇರುತ್ತೆ, ನಮಗೆ 90ರ ಮೇಲೆ ಬೇಕು, ಅದ್ರಲ್ಲೂ ಟಚಪ್ (ಪೇಂಟ್ ಹೋದ ಜಾಗಕ್ಕೆ ಅದೇ ಬಣ್ಣ ಹಚ್ಚೋದು) ಮಾಡೋರಿಗೆ, ಯಾಕಂದ್ರೆ ಒಳಗೆ ಮ್ಯಾಚ್ ಆದ ಪೇಂಟ್ ಹೊರಗೆ ಹೋದ್ರೆ ಬೇರೇನೇ ಕಾಣಬಹುದು.

ಇನ್ನು ಸ್ವರ್ಲ್ ಮಾರ್ಕ್, ಅಂದ್ರೆ ಪೇಂಟ್ ಮೇಲೆ ಸುತ್ತುಸುತ್ತಾಗಿ ಕಾಣೋ ಸಣ್ಣ ಗೆರೆಗಳು. ಸೀಲಿಂಗ್ ಟ್ಯೂಬಿನ ಹರಡಿದ ಬೆಳಕು ಅದನ್ನ ಮುಚ್ಚಿಬಿಡುತ್ತೆ, ಬಿಸಿಲಿನ ಥರ ಒಂದೇ ಕಡೆಯಿಂದ ಬರೋ ಬೆಳಕು ಬೇಕು. ಹಾಗಾಗಿ ಕೆಲ್ವಿನ್ ಬದಲಾಯಿಸೋ ಕೈ ಟಾರ್ಚ್ ಒಂದು ತಗೊಳ್ಳಿ, ಕಪ್ಪು ಕಾರಿಗೆ 5000-6500 ಇಟ್ಟು ನೋಡಿ, ಬಿಳಿ, ಸಿಲ್ವರ್ ಕಾರಿಗೆ 3000-4000ಕ್ಕೆ ಇಳಿಸಿ, ಬಿಳಿ ಮೇಲೆ ಬಿಳಿ ಬೆಳಕು ಹೊಡೆದ್ರೆ ಕಣ್ಣು ಕೋರೈಸುತ್ತೇ ಹೊರತು ಗೆರೆ ಕಾಣಲ್ಲ, ಹಳದಿಗೆ ತಿರುಗಿಸಿದ ತಕ್ಷಣ ಎದ್ದು ಕಾಣುತ್ತೆ. ನೋಡೋವಾಗ ಸೀಲಿಂಗ್ ಲೈಟ್ ಆಫ್ ಮಾಡಿ, ಟಾರ್ಚನ್ನ ಓರೆಯಾಗಿ ಹಿಡಿದು ನಿಧಾನಕ್ಕೆ ಆಡಿಸಿ. ಅದಕ್ಕೂ ಮುಂಚೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿ, ಪಾಲಿಶಿನ ಎಣ್ಣೆ ಗೆರೆಯೊಳಗೆ ಕೂತಿದ್ರೆ ಯಾವ ಲೈಟಲ್ಲೂ ಕಾಣಲ್ಲ.